ಅತ್ತಿಗೆ ಲೈನು, ನಾದಿನಿ ಲೈನು

ಗುಡ್ಡದ ಎರಡೂ ಕಡೆ ಕೆಲಸ ಮಾಡುತ್ತಿದ್ದ ಇನ್ನೂರ ಎಪ್ಪತ್ತು ಜನರಿಗೂ ಅವಳು ಅತ್ತಿಗೆಯೇ. ಹಾಗಂತ ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ. ಗುಡ್ಡದ ಪೂರ್ವದ ಬಾಯಿಯಿಂದ ಕೊರೆಯುತ್ತಿದ್ದ ರಸ್ತೆ ಸುರಂಗಕ್ಕೆ ಅವಳು ಸರ್ವೇಯರು. ಅದೇ ಸುರಂಗವನ್ನು ಪಶ್ಚಿಮದ ಬಾಯಿಯಿಂದ ಕೊರೆಯುವ ಕಡೆಗೆ ಅವಳ ಗಂಡನ ತಂಗಿ ಸರ್ವೇಯರು. ನಾದಿನಿ ದಿನಕ್ಕೆ ಹತ್ತು ಸಲ ವೈರ್‌ಲೆಸ್ಸಿನಲ್ಲಿ "ಅತ್ತಿಗೆ, ಇದ್ದೀರಾ?" ಎಂದು ಕೇಳುತ್ತಿದ್ದಳು. ಆ ವೈರ್‌ಲೆಸ್ಸಾದರೋ ಲಾರಿ ಡ್ರೈವರುಗಳಿಂದ ಹಿಡಿದು ಕ್ಯಾಂಟೀನಿನವನ ತನಕ ಎಲ್ಲರ ಕಿವಿಗೂ ಬೀಳುವಂಥದ್ದು. ಮೊದಲ ತಿಂಗಳು ಮೇಸ್ತ್ರಿಗಳು ತಮಾಷೆಗೆ ಅತ್ತಿಗೆ ಅಂದರು, ಎರಡನೆಯ ತಿಂಗಳು ಅಭ್ಯಾಸದಿಂದ ಅಂದರು, ಮೂರನೆಯ ತಿಂಗಳು ಮುಖ್ಯ ಇಂಜಿನಿಯರೇ ತುಂಬಿದ ಸಭೆಯಲ್ಲಿ "ಇದಕ್ಕೆ ಅತ್ತಿಗೆ ಏನಂತಾರೆ?" ಎಂದುಬಿಟ್ಟು ನಾಲಿಗೆ ಕಚ್ಚಿಕೊಂಡರು. ಅಲ್ಲಿಂದಾಚೆಗೆ ಅವಳ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿಯಿತು.

ಅವಳು ಸೇರಿದ ಮನೆಯೂ ಅಂಥದ್ದೇ. ಬೇರೆ ಮನೆಗಳಲ್ಲಿ ಊಟಕ್ಕೆ ಕೂತಾಗ ರಾಜಕೀಯದ ಮಾತು ಬರುತ್ತದೆ, ಈ ಮನೆಯಲ್ಲಿ ಸುರಂಗದ ಮಾತು ಬರುತ್ತದೆ. ಮಾವ ಮೂವತ್ತೆರಡು ವರ್ಷ ಬೀದಿಗಳ ಕೆಳಗೆ ರೈಲಿನ ದಾರಿ ಮಾಡಿಸಿ ನಿವೃತ್ತರಾದವರು. ಅವರದ್ದು ಅಗೆದು ಮುಚ್ಚುವ ಪದ್ಧತಿ: ಬೀದಿಯನ್ನು ಮೇಲಿಂದ ಕಾಲುವೆಯ ಹಾಗೆ ಅಗೆದು, ಎರಡು ಕಡೆ ಗೋಡೆ ಎಬ್ಬಿಸಿ, ಮೇಲೆ ಚಪ್ಪಡಿ ಕೂರಿಸಿ, ಮಣ್ಣು ಮುಚ್ಚಿ, ಮತ್ತೆ ಬೀದಿಯನ್ನು ಬೀದಿಯ ಹಾಗೇ ಮಾಡಿಕೊಡುವುದು. ಗಂಡನದ್ದು ನೀರಿನ ಕೆಲಸ: ಮನೆಗಿಂತ ದೊಡ್ಡ ಕಾಂಕ್ರೀಟು ಕೊಳವೆಗಳನ್ನು ದಡದಲ್ಲಿ ಎರಕ ಹೊಯ್ದು, ಎರಡೂ ತುದಿಗೆ ಬಿರಡೆ ಹಾಕಿ, ದೋಣಿಯ ಹಾಗೆ ತೇಲಿಸಿಕೊಂಡು ಹೋಗಿ, ಹೊಳೆಯ ತಳದಲ್ಲಿ ಮೊದಲೇ ತೋಡಿಟ್ಟ ಹಳ್ಳಕ್ಕೆ ಒಂದೊಂದಾಗಿ ಇಳಿಸಿ ಒಂದಕ್ಕೊಂದು ಜೋಡಿಸುವುದು. ಅತ್ತಿಗೆ ನಾದಿನಿಯರದ್ದು ಗುಡ್ಡ. ಬಂಡೆಗೆ ತೂತು ಹೊಡೆದು, ಮದ್ದು ತುಂಬಿ, ಸಿಡಿಸಿ, ಬಿದ್ದ ಕಲ್ಲನ್ನು ಹೊರಗೆ ಸಾಗಿಸಿ, ಬರಿಗೋಡೆಗೆ ಕಾಂಕ್ರೀಟು ಎರಚಿ, ಬಂಡೆ ಕಳಚಿ ಬೀಳದ ಹಾಗೆ ಆಳುದ್ದದ ಉಕ್ಕಿನ ಮೊಳೆ ಹೊಡೆದು ಮತ್ತೆ ಮೂರು ಮೀಟರು ಮುಂದಕ್ಕೆ ಹೋಗುವುದು.

"ಅಗೆದು ಮುಚ್ಚೋದೇ ಮರ್ಯಾದಸ್ತರ ಕೆಲಸ" ಎಂದು ಮಾವ ಶುರು ಮಾಡುತ್ತಿದ್ದರು. "ಏನು ಮಾಡ್ತಿದೀವಿ ಅಂತ ಬಿಸಿಲಲ್ಲಿ ಎಲ್ಲರಿಗೂ ಕಾಣುತ್ತೆ."

"ಅದು ಸುರಂಗ ಅಲ್ಲಪ್ಪ, ಮುಚ್ಚಳ ಹಾಕಿದ ಚರಂಡಿ" ಎನ್ನುತ್ತಿದ್ದ ಗಂಡ.

"ನಿಂದೇನೋ ಮತ್ತೆ? ಮುಳುಗಿಹೋದ ಕೊಳವೆ. ಮುಳುಗಿದ್ದಕ್ಕೆ ಸಂಬಳ ಕೊಡೋದು ನಿಮಗೆ ಮಾತ್ರ."

ದೈತ್ಯ ಹುಳದಂಥ ಯಂತ್ರವೊಂದನ್ನು ನೆಲದೊಳಗೆ ಬಿಟ್ಟು ಅದರಿಂದಲೇ ಕೊರೆಸಿ, ಅದರ ಬೆನ್ನ ಹಿಂದೆಯೇ ಕಾಂಕ್ರೀಟಿನ ಬಳೆಗಳನ್ನು ಜೋಡಿಸಿಕೊಂಡು ಹೋಗುವ ಪದ್ಧತಿಯೂ ಉಂಟು. ಮನೆಯಲ್ಲಿ ಆ ಕೆಲಸದವರು ಯಾರೂ ಇಲ್ಲದ ಕಾರಣ ಅದನ್ನು ಎಲ್ಲರೂ ಒಟ್ಟಿಗೆ ಕೂತು ಬೈಯಬಹುದಿತ್ತು. ಮನೆಯಲ್ಲಿ ಒಗ್ಗಟ್ಟು ಮೂಡುತ್ತಿದ್ದದ್ದು ಆಗ ಮಾತ್ರ. ಹೊಲಿಗೆ ಅಂಗಡಿ ಇಟ್ಟಿದ್ದ ಅತ್ತೆ ಇದನ್ನೆಲ್ಲ ಕೇಳಿ ಕೇಳಿ ಕಿವಿ ತೂತಾದವರು. "ಸೂಜಿಗೆ ದಾರ ಪೋಣಿಸೋಕೆ ನಿಮ್ಮಲ್ಲಿ ಒಬ್ಬರಿಗೂ ಬರಲ್ಲ, ತೂತಿನ ಬಗ್ಗೆ ಭಾಷಣ ಮಾತ್ರ ಕಮ್ಮಿ ಇಲ್ಲ" ಎಂದು ತಟ್ಟೆ ಎತ್ತಿಕೊಂಡು ಹೋಗುತ್ತಿದ್ದರು.

ನಾದಿನಿಗೆ ಸರ್ವೇ ಕೆಲಸ ಕಲಿಸಿದವಳು ಅತ್ತಿಗೆಯೇ. ಉಪಕರಣವನ್ನು ಮುಕ್ಕಾಲಿಯ ಮೇಲೆ ಕೂರಿಸುವುದರಿಂದ ಹಿಡಿದು ರೀಡಿಂಗನ್ನು ಪೆನ್ಸಿಲಿನಲ್ಲಿ ಬರೆಯುವುದು, ತಪ್ಪಾದರೆ ರಬ್ಬರಿನಲ್ಲಿ ಅಳಿಸದೆ ಗೀಟು ಹಾಕುವುದು, ಎಲ್ಲವನ್ನೂ. ಈ ಸುರಂಗ ನಾದಿನಿಗೆ ಸ್ವಂತವಾಗಿ ಸಿಕ್ಕ ಮೊದಲನೆಯದು. ಅತ್ತಿಗೆಗೆ ಅದರ ಹೆಮ್ಮೆಯೂ ಇತ್ತು, ನಾದಿನಿಗಿಂತ ತಾನೊಂದು ಕೈ ಮೇಲು ಎಂಬ ಸಣ್ಣ ಜಂಬವೂ ಇತ್ತು. ಜಂಬವನ್ನು ಅವಳು ಹೆಮ್ಮೆಯ ಅಡಿಯಲ್ಲಿ ಬಚ್ಚಿಡುತ್ತಿದ್ದಳು, ಅದು ಆಗಾಗ ಬಾಲ ಹೊರಗೆ ಹಾಕುತ್ತಿತ್ತು.

ಎರಡು ಕಡೆಯಿಂದ ಕೊರೆದ ಸುರಂಗ ಗುಡ್ಡದ ಹೊಟ್ಟೆಯಲ್ಲಿ ಸೇರಬೇಕಾದರೆ ಎರಡೂ ಕಡೆಯವರ ಲೈನು, ಅಂದರೆ ಕೊರೆಯುವ ದಿಕ್ಕಿನ ಗೆರೆ, ಸರಿ ಇರಬೇಕು. ಹೊರಗೆ ಬಾಯಿಯ ಜಾಗ ಎಲ್ಲಿ ಎಂದು ಉಪಗ್ರಹವೇ ಹೇಳಿಬಿಡುತ್ತದೆ. ಒಳಗೆ ಉಪಗ್ರಹವೂ ಇಲ್ಲ, ಆಕಾಶವೂ ಇಲ್ಲ. ಗೋಡೆಗೆ ನೂರು ಮೀಟರಿಗೊಂದರಂತೆ ಕಬ್ಬಿಣದ ಬ್ರಾಕೆಟ್ಟು ಹೊಡೆದು, ಒಂದರ ಮೇಲೆ ಉಪಕರಣ ಇಟ್ಟು, ಹಿಂದಿನದರ ಮೇಲೆ ಗುರಿಗೆಂದು ಇಟ್ಟ ಗಾಜನ್ನು ನೋಡಿ, ಮುಂದಿನದರ ಮೇಲಿನ ಗಾಜನ್ನು ನೋಡಿ, ನಡುವಿನ ಕೋನ ಅಳೆದು, ಹೀಗೆ ಹೆಜ್ಜೆ ಹೆಜ್ಜೆಗೂ ದಿಕ್ಕನ್ನು ಕೈ ಹಿಡಿದು ನಡೆಸಿಕೊಂಡು ಹೋಗಬೇಕು. ಒಟ್ಟು ಉದ್ದ ಎರಡು ಸಾವಿರದ ಒಂಬೈನೂರು ಮೀಟರು. ಸೇರುವಲ್ಲಿ ಐದು ಸೆಂಟಿಮೀಟರು ಹೆಚ್ಚುಕಮ್ಮಿಗೆ ಮಾಫಿ ಇತ್ತು. ಅದಕ್ಕಿಂತ ಹೆಚ್ಚಾದರೆ ಯಾರದೋ ತಲೆದಂಡ ಖಂಡಿತ.

ಅತ್ತಿಗೆಯ ರೀಡಿಂಗ್ ಪುಸ್ತಕ ನೋಡಿದರೆ ಕಣ್ಣಿಗೆ ಒತ್ತಿಕೊಳ್ಳಬೇಕು ಅನ್ನಿಸುತ್ತಿತ್ತು. ಒಂದೇ ಕೋನವನ್ನು ನಾಲ್ಕು ಸಲ ಅಳೆದರೆ ನಾಲ್ಕೂ ಸಲ ಒಂದೇ ಉತ್ತರ. ಎಡಗೋಡೆಗೆ ಆಳೆತ್ತರದ ಗಾಳಿಕೊಳವೆ ಹಾದುಹೋಗಿದ್ದರಿಂದ ಅವಳು ಬ್ರಾಕೆಟ್ಟುಗಳನ್ನೆಲ್ಲ ಬಲಗೋಡೆಯಲ್ಲೇ ಹೊಡೆಸಿದ್ದಳು. ಹದಿನೈದೂ ಶಾಲೆಯ ಮಕ್ಕಳು ಸಾಲು ನಿಂತ ಹಾಗೆ ನಿಂತಿದ್ದವು. ನಡುವೆ ಒಂದು ಸಲ ಉತ್ತರ ದಿಕ್ಕನ್ನು ತಾನೇ ಹುಡುಕಿಕೊಳ್ಳುವ ಯಂತ್ರವನ್ನು ಬಾಡಿಗೆಗೆ ತರಿಸಿ ಎರಡೂ ಲೈನನ್ನು ಪರೀಕ್ಷೆ ಮಾಡಿಸೋಣವೇ ಎಂದು ಮುಖ್ಯ ಇಂಜಿನಿಯರು ಕೇಳಿದ್ದರು. "ಬೇಕಾಗಲ್ಲ ಸರ್" ಎಂದಿದ್ದಳು ಅವಳು. ಅವರಿಗೂ ಅದೇ ಬೇಕಿತ್ತು, ಖುಷಿಯಿಂದ ಪುಟಪುಟಕ್ಕೂ ಸಹಿ ಹಾಕಿದರು.

ಎರಡು ತುದಿಗಳ ನಡುವೆ ನಲವತ್ತು ಮೀಟರು ಬಂಡೆ ಉಳಿದಾಗ ಒಂದು ಕಡೆಯವರು ಕೆಲಸ ನಿಲ್ಲಿಸಿ ಹಿಂದೆ ಸರಿಯಬೇಕು. ಒಬ್ಬರ ಸಿಡಿತ ಇನ್ನೊಬ್ಬರ ಮೈಮೇಲೆ ಬೀಳಬಾರದಲ್ಲ. ಉಳಿದದ್ದನ್ನೆಲ್ಲ ಇನ್ನೊಂದು ಕಡೆಯವರೇ ಸಿಡಿಸುತ್ತಾರೆ, ಕೊನೆಯ ಸಿಡಿತದ ಗೌರವವೂ ಅವರದ್ದೇ. ಮುಖ್ಯ ಇಂಜಿನಿಯರು ಆ ಗೌರವವನ್ನು ಪೂರ್ವದವರಿಗೆ, ಅಂದರೆ ಅತ್ತಿಗೆಯ ಲೈನಿಗೆ ಕೊಟ್ಟರು. ಸಿಡಿಸುವ ಮುಂಚೆ ಪೂರ್ವದ ತುದಿಯಿಂದ ಮೂರು ಉದ್ದನೆಯ ಸಣ್ಣ ತೂತು ಕೊರೆದು ಆ ಕಡೆ ಎಲ್ಲಿ ಹೊರಬರುತ್ತವೆ ಎಂದು ನೋಡುವುದು ಕ್ರಮ.

ಪೂರ್ವದ ಸಿಡಿಮದ್ದಿನ ಮೇಸ್ತ್ರಿಗೆ ಗುಡುಗು ಎಂದು ಅಡ್ಡಹೆಸರು. ಮನುಷ್ಯ ಮಾತಾಡುವುದು ಮಾತ್ರ ಪಿಸುಪಿಸು. ಅವನು ಅತ್ತಿಗೆಯ ಗುರುತಿನ ಮೇಲೆ ಡ್ರಿಲ್ಲು ಇಟ್ಟು ಮೊದಲ ತೂತು ಕೊರೆಯತೊಡಗಿದ. ಎರಡು ತಾಸಿನ ಮೇಲೆ ವೈರ್‌ಲೆಸ್ಸಿನಲ್ಲಿ ನಾದಿನಿಯ ದನಿ ಕೇಳಿತು.

"ಅತ್ತಿಗೆ, ಬಂತು."

"ಗುರುತಿನ ಮೇಲೇ ಬಂತಾ?"

"ನನ್ನ ಬಲಕ್ಕೆ ಬಂದಿದೆ. ಒಂದು ಗೇಣು ದೂರ."

"ಉದ್ದದ ರಾಡು, ಅಡ್ಡಾದಿಡ್ಡಿ ಹೋಗಿರುತ್ತೆ" ಎಂದು ಗುಡುಗು ಪಿಸುಗುಟ್ಟಿದ. ಎರಡನೆಯ ತೂತು ಕೊರೆದ, ಮೂರನೆಯದನ್ನೂ ಕೊರೆದ. ಎರಡೂ ನಾದಿನಿಯ ಗುರುತುಗಳಿಂದ ಬಲಕ್ಕೇ ಹೋದವು. ಟೇಪು ಹಿಡಿದು ನೋಡಿದರೆ ಮೂರೂ ಹೆಚ್ಚುಕಮ್ಮಿ ಇಪ್ಪತ್ತೇಳು ಸೆಂಟಿಮೀಟರು ದೂರ. ರಾಡು ದಾರಿ ತಪ್ಪಿದರೆ ಒಂದು ಹೀಗೆ ಒಂದು ಹಾಗೆ ಹೋಗಬೇಕು. ಮೂರೂ ಮಾತಾಡಿಕೊಂಡ ಹಾಗೆ ಒಂದೇ ಕಡೆ ಹೋಗುವುದಿಲ್ಲ. ಅಂದರೆ ತಪ್ಪು ರಾಡಿನದ್ದಲ್ಲ, ಎರಡು ಲೈನುಗಳಲ್ಲಿ ಯಾವುದೋ ಒಂದರದ್ದು.

ಮುಖ್ಯ ಇಂಜಿನಿಯರು ಇಬ್ಬರನ್ನೂ ಕರೆಸಿ ಎರಡೂ ಪುಸ್ತಕಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಬಿಚ್ಚಿಟ್ಟರು. ಅತ್ತಿಗೆಯದ್ದರಲ್ಲಿ ಅಂಕಿಗಳು ಕೂದಲೆಳೆಯಷ್ಟೂ ಅಲುಗಾಡಿರಲಿಲ್ಲ. ನಾದಿನಿಯದ್ದರಲ್ಲಿ ಪ್ರತಿ ಕೋನಕ್ಕೂ ಹಗ್ಗಜಗ್ಗಾಟ, ಒಂದು ಸಲ ಹೆಚ್ಚು, ಒಂದು ಸಲ ಕಮ್ಮಿ, ಗೀಟಿನ ಮೇಲೆ ಗೀಟು. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಅವರು ಕೆಟ್ಟ ಮನುಷ್ಯರೇನಲ್ಲ, ಆದರೆ ಕೆಟ್ಟ ಸುದ್ದಿ ಹೇಳುವಾಗ ಕನ್ನಡಕ ಒರೆಸುವುದು ಅವರ ಚಾಳಿ.

"ಪಶ್ಚಿಮದ ಲೈನು ಇಪ್ಪತ್ತೇಳು ಸೆಂಟಿಮೀಟರು ಬಾಗಲಿ" ಎಂದು ನಾದಿನಿಯತ್ತ ತಿರುಗಿದರು. "ಮತ್ತೆ ನೋಡಮ್ಮ, ನಿನಗೆ ಇದು ದೊಡ್ಡದಾಯ್ತು ಅನ್ಸುತ್ತೆ. ಮುಂದಿನ ಸುರಂಗದಲ್ಲಿ ಒಂದೆರಡು ವರ್ಷ ಯಾರದಾದ್ರೂ ಕೈಕೆಳಗೆ ಸಹಾಯಕಿಯಾಗಿ ಗುರಿಗಾಜಿನ ಕೋಲು ಹಿಡಿ. ಆಮೇಲೆ ನೋಡೋಣ."

ನಾದಿನಿಯ ಮುಖ ಹುಳ್ಳಗಾಯಿತು. ಆದರೂ ವಾದಕ್ಕೆ ಇಳಿಯಲಿಲ್ಲ. "ಅತ್ತಿಗೆ ಲೈನು ತಪ್ಪೋದಿಲ್ಲ ಸರ್. ನಂದೇ ಇರ್ಬೇಕು" ಎಂದಳು.

ಆ ಮಾತು ಕೇಳಿದಾಗ ಅತ್ತಿಗೆಗೆ ಮೊದಲು ಆದದ್ದು ಸಮಾಧಾನ. ಅಬ್ಬ, ನನ್ನದಲ್ಲ ಎನ್ನುವ ಸಮಾಧಾನ. ಮರುಗಳಿಗೆಯೇ ಆ ಸಮಾಧಾನಕ್ಕೆ ನಾಚಿಕೆಯಾಯಿತು. ತಾನೇ ಕೈ ಹಿಡಿದು ಕಲಿಸಿದ ಹುಡುಗಿ, ಎರಡು ವರ್ಷ ಧೂಳು ಕುಡಿದು ಲೈನು ತಂದವಳು, ಮತ್ತೆ ಕೋಲು ಹಿಡಿಯಲು ಹೋಗುತ್ತಾಳೆ.

ಮರುದಿನ ಭಾನುವಾರ. ಊಟದ ಮೇಜಿನ ಸುತ್ತ ಎಲ್ಲರೂ ಇದ್ದರು. ನಾದಿನಿ ತಟ್ಟೆಯಲ್ಲಿದ್ದ ಆಲೂಗಡ್ಡೆಯನ್ನು ಚಮಚದಲ್ಲಿ ಅಗೆಯುತ್ತಿದ್ದಳೇ ಹೊರತು ತಿನ್ನುತ್ತಿರಲಿಲ್ಲ.

"ನಾನು ಮೊದಲೇ ಹೇಳಿದ್ದೆ, ಅಗೆದು ಮುಚ್ಚಿ ಅಂತ" ಎಂದು ಮಾವ ಮಗಳನ್ನು ನಗಿಸಲು ನೋಡಿದರು.

"ಗುಡ್ಡಾನ ಮೇಲಿಂದ ಅಗೀತೀರಾ ಅಪ್ಪ?" ಎಂದ ಗಂಡ.

"ಹೆಚ್ಚು ಅಂದ್ರೆ ಇನ್ನೂರು ವರ್ಷ ಹಿಡಿಯುತ್ತೆ. ಲೈನು ಮಾತ್ರ ತಪ್ಪಲ್ಲ."

ಅತ್ತೆಯೂ ನಕ್ಕರು, ನಾದಿನಿ ನಗಲಿಲ್ಲ. ಗಂಡ ತಂಗಿಯ ಬೆನ್ನು ತಟ್ಟಿ, "ಯಾರು ಬಾಗಿದ್ರೂ ಸುರಂಗ ಸೇರುತ್ತೆ ಬಿಡೆ" ಎಂದ. ಅವನು ಹೇಳಿದ್ದು ನಿಜವೇ. ಇಪ್ಪತ್ತೇಳು ಸೆಂಟಿಮೀಟರನ್ನು ಯಾವ ಕಡೆ ಕೆರೆದರೂ ಲಾರಿಗಳು ಓಡಾಡುತ್ತವೆ. ಹೆಸರು ಮಾತ್ರ ಒಬ್ಬರದ್ದು ಕೆಡುತ್ತದೆ.

"ನಾಳೆ ನಾನೇ ನಿನ್ನ ಕಡೆ ಬರ್ತೀನಿ" ಎಂದಳು ಅತ್ತಿಗೆ. "ಎಲ್ಲಿ ತಪ್ಪಿದೆ ಅಂತ ಹುಡುಕೋಣ. ಕಾರಣ ಗೊತ್ತಾದ್ರೆ ಬರೆದು ಕೊಡಬಹುದು. ತಿಳಿಯದೆ ಆದದ್ದು ಅಂದ್ರೆ ಸಾಹೇಬರ ಮನಸ್ಸು ಕರಗುತ್ತೆ."

"ಹುಡುಕಿಕೊಡಿ ಅತ್ತಿಗೆ. ನಾನು ಮೂರು ಸಲ ಹುಡುಕಿದೆ, ನಂಗೆ ಸಿಗಲಿಲ್ಲ."

ಸೋಮವಾರ ಬೆಳಿಗ್ಗೆ ಅತ್ತಿಗೆ ಜೀಪು ಹತ್ತಿ ಗುಡ್ಡ ಸುತ್ತಿ ಪಶ್ಚಿಮದ ಬಾಯಿಗೆ ಹೋದಳು. ಎರಡು ವರ್ಷದಲ್ಲಿ ಅವಳು ಆ ಸುರಂಗದೊಳಗೆ ಕಾಲಿಟ್ಟದ್ದು ಅದೇ ಮೊದಲು. ಹೆಲ್ಮೆಟ್ಟಿನ ದೀಪ ಹಾಕಿಕೊಂಡು ಮೊದಲ ಬ್ರಾಕೆಟ್ಟು ನೋಡಿದಳು, ಎಡಗೋಡೆಯಲ್ಲಿತ್ತು. ಎರಡನೆಯದು ಬಲಗೋಡೆಯಲ್ಲಿತ್ತು. ಮೂರನೆಯದು ಮತ್ತೆ ಎಡಕ್ಕೆ.

"ಇದೇನೆ ಇದು, ಕುಡುಕ ಮನೆಗೆ ಹೋದ ಹಾಗೆ?"

ನಾದಿನಿಗೆ ನಾಚಿಕೆಯಾಯಿತು. "ಇಲ್ಲಿ ಗೋಡೆ ಒಸರುತ್ತೆ ಅತ್ತಿಗೆ. ಗಾಜಿನ ಮೇಲೆ ನೀರು ಬಿದ್ರೆ ಏನೂ ಕಾಣಲ್ಲ. ಅದಕ್ಕೆ ಎಲ್ಲಿ ಒಣಗಿತ್ತೋ ಅಲ್ಲಿ ಹೊಡೆಸಿದೆ. ಒಂದು ಎಡಕ್ಕೆ ಒಂದು ಬಲಕ್ಕೆ ಬಂತು, ಆಮೇಲೆ ಅದೇ ರೂಢಿ ಆಯ್ತು. ನಿಮ್ಮ ಥರ ಚಂದ ಬರಲಿಲ್ಲ."

ಅತ್ತಿಗೆ ಮಧ್ಯಾಹ್ನದ ತನಕ ಹುಡುಕಿದಳು. ಬ್ರಾಕೆಟ್ಟು ಅಲುಗುತ್ತವೆಯೇ ಎಂದು ಹಿಡಿದು ಅಲ್ಲಾಡಿಸಿದಳು. ಲೆಕ್ಕವನ್ನು ಮೊದಲಿಂದ ಮಾಡಿದಳು. ಉಪಕರಣವನ್ನೇ ತಲೆಕೆಳಗು ಮಾಡಿ ನೋಡಿದಳು. ಎಳ್ಳಷ್ಟು ತಪ್ಪೂ ಸಿಗಲಿಲ್ಲ. ಅಂಕಿಗಳು ಒಮ್ಮೆ ಹೆಚ್ಚು ಒಮ್ಮೆ ಕಮ್ಮಿ ಎನ್ನುವುದು ನಿಜ, ಆದರೆ ಕೂಡಿಸಿದರೆ ಹೆಚ್ಚು ಕಮ್ಮಿಗಳು ಒಂದನ್ನೊಂದು ಹೊಡೆದುಹಾಕಿ ಲೈನು ನೆಟ್ಟಗೆ ಬರುತ್ತಿತ್ತು. ದಣಿದು ಗೋಡೆಗೆ ಕೈ ಊರಿದಳು. ಬಂಡೆ ಬೆಚ್ಚಗಿತ್ತು.

"ಗುಡ್ಡದ ಒಳಗೆ ಬಂಡೆ ಬೆಚ್ಚಗೇ ಇರುತ್ತೆ, ನೀವೇ ಹೇಳಿಕೊಟ್ಟಿದ್ದು" ಎಂದಳು ನಾದಿನಿ.

ಅತ್ತಿಗೆ ಕೈ ತೆಗೆಯಲಿಲ್ಲ. ಗೋಡೆ ಬೆಚ್ಚಗೆ, ನಡುವೆ ಹೊರಗಿಂದ ಊದಿದ ತಂಪುಗಾಳಿ. ಗೋಡೆಯ ಪಕ್ಕದ ಗಾಳಿ ಬೆಚ್ಚಗೇ ಇರಬೇಕು. ಉರಿಯುವ ಒಲೆಯ ಮೇಲಿಂದ ಎದುರುಗೋಡೆಯ ಗಡಿಯಾರ ನೋಡಿದರೆ ಅದು ನಿಂತಲ್ಲಿ ನಿಲ್ಲದೆ ಸರಿದಾಡುತ್ತದೆ. ಬಿಸಿಗಾಳಿಯ ಪಕ್ಕದಲ್ಲಿ ಹೋಗುವ ಬೆಳಕು ನೆಟ್ಟಗೆ ಹೋಗುವುದಿಲ್ಲ, ಒಂದು ಕೂದಲಿನಷ್ಟು ಬಾಗುತ್ತದೆ. ನಾದಿನಿಯ ನೋಟ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಅಡ್ಡ ಹಾಯುತ್ತದೆ, ಒಮ್ಮೆ ಈ ಕಡೆ ಬಾಗಿದ್ದು ಇನ್ನೊಮ್ಮೆ ಆ ಕಡೆ ಬಾಗಿ ಸರಿಹೋಗುತ್ತದೆ. ತನ್ನ ನೋಟ ಹದಿನೈದು ಬ್ರಾಕೆಟ್ಟಿನುದ್ದಕ್ಕೂ ಬಲಗೋಡೆಯನ್ನೇ ಸವರಿಕೊಂಡು ಹೋಗಿದೆ. ಪ್ರತಿ ಸಲವೂ ಬಾಗಿದೆ, ಪ್ರತಿ ಸಲವೂ ಒಂದೇ ಕಡೆಗೆ, ಒಂದೇ ಅಳತೆಯಲ್ಲಿ. ನಾಲ್ಕು ಸಲ ಅಳೆದರೂ ಒಂದೇ ಉತ್ತರ ಬಂದದ್ದು ಅದಕ್ಕೇ.

"ಸಿಕ್ತಾ ಅತ್ತಿಗೆ?"

"ಇನ್ನೂ ಇಲ್ಲ" ಎಂದುಬಿಟ್ಟಳು.

ವಾಪಸು ಬರುವ ದಾರಿ ನಲವತ್ತು ನಿಮಿಷದ್ದು. ಅಷ್ಟು ಹೊತ್ತೂ ಅತ್ತಿಗೆಯ ತಲೆಯೊಳಗೆ ಪಂಚಾಯಿತಿ ನಡೆಯಿತು. ಸುಳ್ಳು ಹೇಳಬೇಕಾಗಿಯೂ ಇರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ಸುರಂಗ ಸೇರುತ್ತದೆ, ಲಾರಿ ಓಡಾಡುತ್ತದೆ, ಯಾರೂ ಸಾಯುವುದಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ. ಹದಿನೆಂಟು ವರ್ಷದಲ್ಲಿ ಗಳಿಸಿದ ಹೆಸರು ಹಾಗೇ ಉಳಿಯುತ್ತದೆ. ನಾದಿನಿಯಾದರೋ ಚಿಕ್ಕವಳು, ಎರಡು ವರ್ಷ ಕೋಲು ಹಿಡಿದರೆ ಏನು ಮಹಾ? ಹೀಗೆಲ್ಲ ಅಂದುಕೊಂಡು ನೋಡಿದಳು, ಚೆನ್ನಾಗಿಯೇ ಕೇಳಿಸಿತು. ಆದರೆ "ಮೂರು ಸಲ ಹುಡುಕಿದೆ, ನಂಗೆ ಸಿಗಲಿಲ್ಲ" ಎಂದಿದ್ದಳಲ್ಲ ಹುಡುಗಿ. ಇಲ್ಲದ ತಪ್ಪನ್ನು ಅವಳು ಬದುಕಿಡೀ ಹುಡುಕುತ್ತಾಳೆ. ಸರಿಯಾಗಿ ಅಳೆದಾಗಲೆಲ್ಲ ತಪ್ಪಿರಬಹುದು ಎಂದು ಹೆದರುತ್ತಾಳೆ. ಕೋಲು ಹಿಡಿಯುವುದಕ್ಕಿಂತ ಅದು ದೊಡ್ಡ ಶಿಕ್ಷೆ ಅನ್ನಿಸಿತು ಅತ್ತಿಗೆಗೆ.

ಪೂರ್ವದ ಬಾಯಿಗೆ ಬಂದವಳೇ ಕಾಂಕ್ರೀಟು ಪರೀಕ್ಷೆಯ ಕೋಣೆಯಿಂದ ಎರಡು ಥರ್ಮಾಮೀಟರು ಎತ್ತಿಕೊಂಡು ಒಳಗೆ ನಡೆದಳು. ಒಂದನ್ನು ಹತ್ತನೆಯ ಬ್ರಾಕೆಟ್ಟಿನ ಪಕ್ಕ ಹಿಡಿದಳು, ಇನ್ನೊಂದನ್ನು ಸುರಂಗದ ನಡುವೆ ಗುಡುಗಿನ ಕೈಯಲ್ಲಿ ಹಿಡಿಸಿದಳು. ಎರಡು ಡಿಗ್ರಿ ವ್ಯತ್ಯಾಸ.

"ಜ್ವರ ಯಾರಿಗೆ ಅತ್ತಿಗೆ?" ಎಂದು ಗುಡುಗು ಪಿಸುಗುಟ್ಟಿದ.

"ನನ್ನ ಲೈನಿಗೆ" ಎಂದಳು.

ಮುಖ್ಯ ಇಂಜಿನಿಯರು ಅವಳ ಮಾತನ್ನು ಪೂರ್ತಿ ಕೇಳಿಸಿಕೊಂಡರು. ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ನೋಡಮ್ಮ, ನಿಮ್ಮ ಮನಸ್ಸು ನನಗೆ ಅರ್ಥ ಆಗುತ್ತೆ" ಎಂದರು ಮೆತ್ತಗೆ. "ನಾದಿನಿ ಅಂದ್ರೆ ಮನೆ ಮಗಳು. ಅವಳ ತಪ್ಪನ್ನ ನಿಮ್ಮ ತಲೆ ಮೇಲೆ ಹಾಕ್ಕೊಳ್ಳೋಕೆ ಬಂದಿದೀರಿ. ಮನೆ ಪ್ರೀತೀನ ಸುರಂಗದೊಳಗೆ ತರಬಾರದು."

ಅತ್ತಿಗೆ ಕಕ್ಕಾಬಿಕ್ಕಿಯಾದಳು. ಬೈಸಿಕೊಳ್ಳಲು ಸಿದ್ಧಳಾಗಿ ಬಂದಿದ್ದಳು, ಒಳ್ಳೆಯವಳು ಅನ್ನಿಸಿಕೊಳ್ಳುವುದಕ್ಕೆ ಸಿದ್ಧಳಾಗಿರಲಿಲ್ಲ. "ಪ್ರೀತಿ ಅಲ್ಲ ಸರ್, ಗಾಳಿ" ಎಂದಳು. "ಬೇಕಾದ್ರೆ ಬ್ರಾಕೆಟ್ಟು ಎಡಕ್ಕೂ ಬಲಕ್ಕೂ ಬರೋ ಹಾಗೆ ಹೊಡೆಸಿ ಮತ್ತೆ ಅಳೀರಿ."

"ಯಾರು ಅಳೀಬೇಕು? ನೀವು ಅಳೆದ್ರೆ ಅವಳ ಕಡೆ ವಾಲ್ತೀರಿ."

"ಅವಳೇ ಅಳೀಲಿ. ಅತ್ತಿಗೆ ಲೈನು ತಪ್ಪೋದಿಲ್ಲ ಅಂತ ನಿಮ್ಮ ಮುಂದೇನೇ ಹೇಳಿದಾಳಲ್ಲ."

ಮುಖ್ಯ ಇಂಜಿನಿಯರು ಯೋಚಿಸಿದರು. "ನೀವು?"

"ಕೋಲು ಹಿಡೀತೀನಿ."

"ಹಾಗಾದ್ರೆ ಪುಸ್ತಕ ನಾನೇ ಬರೀತೀನಿ" ಎಂದರು ಅವರು. "ನಿಮ್ಮ ಮನೆಯವರನ್ನ ನಂಬೋ ಹಾಗಿಲ್ಲ." ಮೇಜಿನ ಮೇಲಿದ್ದ ಅವಳ ಹಳೆಯ ಪುಸ್ತಕ ತೆರೆದು, "ಪುಟಪುಟಕ್ಕೂ ನನ್ನ ಸಹಿ ಇದೆಯಲ್ಲಮ್ಮ" ಎಂದು ನಿಟ್ಟುಸಿರು ಬಿಟ್ಟರು.

"ಹೌದು ಸರ್. ನಿಮ್ಮ ಸಹಿ ಚಂದ ಇದೆ."

ಗಾಳಿಕೊಳವೆಯ ಪಕ್ಕದಲ್ಲಿ ಜಾಗ ಮಾಡಿ ಹೊಸ ಬ್ರಾಕೆಟ್ಟು ಹೊಡೆಯಲು ಎರಡು ದಿನ ಹಿಡಿಯಿತು. ಗುರುವಾರ ಬೆಳಿಗ್ಗೆ ಕೆಲಸದವರನ್ನೆಲ್ಲ ಹೊರಗೆ ಕಳಿಸಿ ಮೂವರೂ ಒಳಗೆ ಹೋದರು. ನಾದಿನಿ ಉಪಕರಣದ ಹಿಂದೆ ನಿಂತಳು, ಮುಖ್ಯ ಇಂಜಿನಿಯರು ಮಡಿಸುವ ಕುರ್ಚಿಯಲ್ಲಿ ಪುಸ್ತಕ ಹಿಡಿದು ಕೂತರು, ಅತ್ತಿಗೆ ಗಾಜು ತೆಗೆದುಕೊಂಡು ನೂರು ಮೀಟರು ಆಚೆ ಹೋದಳು. ಮೊದಮೊದಲು ನಾದಿನಿಗೆ ಅತ್ತಿಗೆಗೆ ಅಪ್ಪಣೆ ಮಾಡಲು ಬಾಯಿಯೇ ಬರಲಿಲ್ಲ.

"ಅತ್ತಿಗೆ, ಸ್ವಲ್ಪ, ಅಂದ್ರೆ ನಿಮಗೆ ತೊಂದರೆ ಇಲ್ಲದಿದ್ರೆ, ಗಾಜು ಈ ಕಡೆ ತಿರುಗಿಸ್ತೀರಾ?"

"ಕೋಲು ಹಿಡಿಯೋರನ್ನ ಹಾಗೆ ಕೇಳ್ತಾರೇನೆ? ತಿರುಗಿಸು ಅನ್ನು."

ನಾಲ್ಕನೆಯ ಬ್ರಾಕೆಟ್ಟಿನ ಹೊತ್ತಿಗೆ ನಾದಿನಿಗೆ ಸಂಕೋಚ ಬಿಟ್ಟುಹೋಯಿತು. ಎಂಟನೆಯದರ ಹೊತ್ತಿಗೆ "ಅಲುಗಾಡಬೇಡಿ ಅಂದ್ನಲ್ಲ ಅತ್ತಿಗೆ" ಎಂದು ಗದರಿದಳು. ಮುಖ್ಯ ಇಂಜಿನಿಯರು ಧೂಳಿಗೆ ಸೀನಿ, ಅಂಕಿ ತಪ್ಪು ಬರೆದು, ರಬ್ಬರು ಕೇಳಿದರು. "ರಬ್ಬರು ಮುಟ್ಟೋ ಹಾಗಿಲ್ಲ ಸರ್, ಗೀಟು ಹಾಕಿ" ಎಂದು ಅವರಿಗೂ ಬಿತ್ತು. ಕತ್ತಲಲ್ಲಿ ನಿಂತ ಅತ್ತಿಗೆಗೆ ನಗು ತಡೆಯಲಾಗಲಿಲ್ಲ. ನಕ್ಕರೆ ಗಾಜು ಅಲುಗುತ್ತದೆ ಎಂದು ತುಟಿ ಕಚ್ಚಿ ಹಿಡಿದಳು.

ಕೊನೆಯ ಕೋನ ಅಳೆದಾದ ಮೇಲೆ ನಾದಿನಿ ಕೂತು ಲೆಕ್ಕ ಹಾಕಿದಳು. ಮುಗಿಸಿದಳು. ಮತ್ತೆ ಮೊದಲಿಂದ ಹಾಕಿದಳು. ಮತ್ತೊಂದು ಹಾಳೆ ತೆಗೆದಳು. ಅತ್ತಿಗೆ ಕೋಲು ಹೊತ್ತುಕೊಂಡು ವಾಪಸು ಬಂದು ಎದುರಿಗೆ ನಿಂತಳು.

"ಎಷ್ಟು ಬಂತು?"

"ಇನ್ನೊಂದ್ಸಲ ನೋಡ್ತೀನಿ."

"ಎಷ್ಟು ಸಲ ನೋಡಿದೆ?"

"ಮೂರು." ನಾದಿನಿ ತಲೆ ಎತ್ತಲಿಲ್ಲ. "ಅತ್ತಿಗೆ, ನಾನೇ ಎಲ್ಲೋ ತಪ್ಪಿದೀನಿ."

"ಮೂರು ಸಲವೂ ಬೇರೆ ಬೇರೆ ಬಂತಾ?"

"ಇಲ್ಲ. ಒಂದೇ ಬಂತು."

"ಹಾಗಾದ್ರೆ ಜೋರಾಗಿ ಹೇಳು. ಸಾಹೇಬರು ಬರ್ಕೋಬೇಕು."

"ನಿಮ್ಮ ಲೈನು ಎಡಕ್ಕೆ, ಅಂದ್ರೆ ನನ್ನ ಬಲಕ್ಕೆ, ಹೋಗಿದೆ" ಎಂದಳು ನಾದಿನಿ. "ಇಪ್ಪತ್ತಾರು ಸೆಂಟಿಮೀಟರು."

ಮುಖ್ಯ ಇಂಜಿನಿಯರು ಬರೆದುಕೊಂಡರು, ಕೆಳಗೆ ಸಹಿ ಹಾಕಿದರು. ಸಹಿ ಹಾಕುವ ಮುಂಚೆ ಈ ಸಲ ಎರಡು ಬಾರಿ ಓದಿದರು. ಪೂರ್ವದವರು ಹಿಂದೆ ಸರಿಯಬೇಕು, ಉಳಿದ ನಲವತ್ತು ಮೀಟರನ್ನು ಪಶ್ಚಿಮದ ಲೈನಿನ ಮೇಲೆ ಪಶ್ಚಿಮದವರೇ ಸಿಡಿಸಬೇಕು, ಪೂರ್ವದ ಗೋಡೆಯನ್ನು ಬಾಗಿದಷ್ಟು ದೂರ ಒಂದು ಕಡೆ ಕೆರೆದು ಇನ್ನೊಂದು ಕಡೆ ತುಂಬಬೇಕು ಎಂದು ಅಲ್ಲೇ ಹೇಳಿದರು. "ಕೆರೆಸೋ ಕೆಲಸ ನಿಮ್ಮದೇ ಅತ್ತಿಗೆ. ಬೇಜಾರಾಯ್ತಾ?"

"ಆಯ್ತು ಸರ್. ಆದ್ರೆ ಬರೋ ದಿನಗಳಲ್ಲಿ ನಿದ್ದೆ ಚೆನ್ನಾಗಿ ಬರುತ್ತೆ."

ಅಲ್ಲಿಂದ ಎಂಟನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಕೊನೆಯ ಸಿಡಿತ. ಪೂರ್ವದ ಬಾಯಿಯ ಹೊರಗೆ ಇಡೀ ಪಾಳಿಯವರು ನಿಂತಿದ್ದರು. ಮಾವ, ಅತ್ತೆ, ಗಂಡ ಮೂವರೂ ಹೆಲ್ಮೆಟ್ಟು ಹಾಕಿಕೊಂಡು ಬಂದಿದ್ದರು. ನೆಲ ಒಂದು ಸಲ ಗುಮ್ಮೆಂದಿತು. ಅರ್ಧ ತಾಸು ಕಳೆದ ಮೇಲೆ ಗುಡುಗು ಒಳಗೆ ಹೋಗಿ ನೋಡಿ ಬಂದು ಅಪಾಯವಿಲ್ಲ ಎಂದು ಕೈ ಮಾಡಿದ. ಎಲ್ಲರೂ ಒಳಗೆ ನಡೆದರು. ನಡೆಯುತ್ತಿದ್ದ ಹಾಗೆ ಅತ್ತಿಗೆಯ ಮುಖಕ್ಕೆ ಎದುರಿನಿಂದ ಗಾಳಿ ತಾಗಿತು. ಎರಡು ವರ್ಷ ಬೆನ್ನ ಹಿಂದಿನಿಂದ ಮಾತ್ರ ಗಾಳಿ ಬರುತ್ತಿದ್ದ ಜಾಗ ಅದು.

ಕಲ್ಲಿನ ರಾಶಿಯ ಮೇಲೆ ಬಾಗಿಲಿನಷ್ಟು ಬಾಯಿ ತೆರೆದಿತ್ತು. ಆ ಕಡೆ ದೀಪಗಳು ಓಡಾಡುತ್ತಿದ್ದವು. ಟೇಪು ಜಗ್ಗುವ ಸದ್ದು, ಮುಖ್ಯ ಇಂಜಿನಿಯರ ಸೀನು, ಆಮೇಲೆ ಯಾರೋ ಕೂಗಿ ಹೇಳಿದ ಅಂಕಿ: ಹೊಸದಾಗಿ ಅಳೆದ ಪೂರ್ವದ ಲೈನಿಗೂ ಪಶ್ಚಿಮದ ಲೈನಿಗೂ ವ್ಯತ್ಯಾಸ ಹದಿನಾಲ್ಕು ಮಿಲಿಮೀಟರು. ಪೂರ್ವದವರೂ ಪಶ್ಚಿಮದವರೂ ಒಟ್ಟಿಗೆ ಚಪ್ಪಾಳೆ ತಟ್ಟಿದರು. "ಪರವಾಗಿಲ್ಲ, ಹೊಲಿಗೆ ಸರಿ ಕೂತಿದೆ" ಎಂದರು ಅತ್ತೆ.

ನಾದಿನಿ ಕಲ್ಲಿನ ರಾಶಿ ಹತ್ತಿ ತೂತಿನೊಳಗಿಂದ ತಲೆ ಹಾಕಿದಳು. ಹುಬ್ಬಿನ ತನಕ ಧೂಳು. ಎಲ್ಲರನ್ನೂ ಬಿಟ್ಟು ಒಬ್ಬಳನ್ನೇ ಹುಡುಕಿದಳು, ಹುಡುಕಿ ನೋಡಿದಳು.

"ಅತ್ತಿಗೆ" ಎಂದಳು. ಸ್ವಲ್ಪ ತಡವರಿಸಿದಳು. ಆಮೇಲೆ ನೆಟ್ಟಗೆ ಹೇಳಿದಳು. "ನನ್ನ ಲೈನು ಮೊದಲಿಂದಲೂ ಸರಿ ಇತ್ತು."

ಅತ್ತಿಗೆಗೆ ಕಣ್ಣು ತುಂಬಿ ಬಂತು, ಅದನ್ನು ಧೂಳಿನ ಮೇಲೆ ಹಾಕಿ ಒರೆಸಿಕೊಂಡಳು. "ಇಷ್ಟು ಹೇಳೋಕೆ ಗುಡ್ಡ ಒಡೀಬೇಕಾಯ್ತೇನೆ ನಿಂಗೆ?" ಎಂದು ಕೈ ಚಾಚಿದಳು. ನಾದಿನಿ ಆ ಕೈ ಹಿಡಿದು ಕಲ್ಲಿನ ರಾಶಿ ಇಳಿದು ಈ ಕಡೆಗೆ ಬಂದಳು.